ಮುಳುಗು ಬಾತಿನ ಹೊಲ ಕೆರೆಯ ತಳದಲ್ಲಿದೆ

ಡಿಸೆಂಬರಿನ ಒಂದು ಬೆಳಿಗ್ಗೆ ಬೋನಾಳ ಕೆರೆಯ ಏರಿ ಮೇಲೆ ಕುಳಿತು ಮೊಬೈಲಿನ ಸ್ಟಾಪ್‌ವಾಚ್ ಒತ್ತುತ್ತಿದ್ದೆ. ಎದುರಿಗೆ ನೀರಿನಲ್ಲಿ ಇಟ್ಟಂಗಿ ಬಣ್ಣದ ತಲೆಯ ಒಂದು ಬಾತು. ಎದೆ ಕಪ್ಪು, ಬೆನ್ನು ಬೂದಿ ಬಳಿದಂತೆ ನಸು ಬಿಳಿ. ಸುಮ್ನೆ ತೇಲುತ್ತಿದ್ದದ್ದು ಒಮ್ಮೆಲೇ ಮೈ ಬಿಗಿಮಾಡಿಕೊಂಡಿತು. ಮುಂದಕ್ಕೆ ಒಂದು ಪುಟ್ಟ ನೆಗೆತ, ಅಷ್ಟೇ, ಮಾಯ. ನೀರಿನ ಮೇಲೆ ಉಂಗುರ ಮಾತ್ರ ಉಳಿಯಿತು. ಒಂದು, ಎರಡು, ಮೂರು... ಹದಿನೆಂಟನೇ ಸೆಕೆಂಡಿಗೆ ನಾಲ್ಕು ಮಾರು ಆಚೆ ಬೆಂಡಿನಂತೆ ಪುಟಿದು ಮೇಲೆ ಬಂತು. ಕೊಕ್ಕಿನಲ್ಲಿ ಹಸಿರು ಎಳೆಯೊಂದು ನೇತಾಡುತ್ತಿತ್ತು. ನುಂಗಿ, ಬಾಲ ಒದರಿ, ಮತ್ತೆ ಮುಳುಗಿತು.

ಲಾರಿ ಟ್ಯೂಬ್ ಹೆಗಲಿಗೆ ಹಾಕಿಕೊಂಡು, ಕೈಯಲ್ಲಿ ಉದ್ದನೆಯ ಬಿದಿರಿನ ಗಳ ಹಿಡಿದು, ಮೀನು ಹಿಡಿಯುವ ಹಿರಿಯರೊಬ್ಬರು ಏರಿ ಹತ್ತಿ ಬಂದರು.

"ಏನ್ರೀ ಸರ, ಬರೇ ನೀರು ನೋಡ್ಕೋತ ಕುಂತೀರಿ?"

"ಬಾತುಕೋಳಿ ಎಣಸಲತ್ತೀನಿ ಕಾಕಾ."

"ಮ್ಯಾಲಿಂದ ನೋಡಿದ್ರ ಏನ್ ತಿಳೀತದ್ರೀ? ಅದರ ಊಟ ಎಲ್ಲಾ ತಳದಾಗ ಅದ."

ಪಕ್ಷಿಗಳ ಬಗ್ಗೆ ನಾನು ಇಷ್ಟು ವರ್ಷ ಓದಿದ್ದನ್ನೆಲ್ಲ ಕಾಕಾ ಒಂದು ಮಾತಿನಲ್ಲಿ ಮುಗಿಸಿಬಿಟ್ಟರು. ಈ ಲೇಖನ ಆ ಮಾತಿನದ್ದೇ ಉದ್ದನೆಯ ವಿವರಣೆ ಅಂದುಕೊಳ್ಳಿ. ಮುಳುಗು ಬಾತುಗಳು ಜಗತ್ತಿನಲ್ಲಿ ಯಾಕೆ ಕಡಿಮೆಯಾಗುತ್ತಿವೆ, ಅದರಲ್ಲೂ ಮಡಗಾಸ್ಕರ್ ದ್ವೀಪದ ಒಂದು ಬಾತು ಯಾಕೆ ಅಳಿವಿನ ಬಾಯಿಗೆ ಹೋಗಿ ಬಂತು ಅನ್ನುವುದು ಗೊತ್ತಾಗಬೇಕಾದರೆ, ನೀರನ್ನು ಬಿಟ್ಟು ನೀರಿನ ಕೆಳಗಿನ ನೆಲವನ್ನು ನೋಡಬೇಕು.

ಮೊದಲು ಬಾತುಗಳಲ್ಲಿ ಎರಡು ಬಗೆ ಇವೆ ಅನ್ನುವುದನ್ನು ಹೇಳಬೇಕು. ನಮ್ಮ ಕೆರೆಗಳಲ್ಲಿ ವರ್ಷವಿಡೀ ಕಾಣುವ ವರಟೆಯನ್ನು ನೋಡಿ. ಹಸಿವಾದರೆ ಅದು ತಲೆ ನೀರಿಗೆ ಹಾಕಿ, ಪೃಷ್ಠ ಆಕಾಶಕ್ಕೆ ಮಾಡಿ ನಿಲ್ಲುತ್ತದೆ. ಕುತ್ತಿಗೆ ಎಷ್ಟು ಉದ್ದವೋ ಅಷ್ಟೇ ಅದರ ಊಟದ ಆಳ. ಹೊಲಗದ್ದೆಗೂ ನಡೆದು ಹೋಗುತ್ತದೆ, ಬಿದ್ದ ಕಾಳು ಹೆಕ್ಕುತ್ತದೆ. ಹೆದರಿಸಿದರೆ ನಿಂತ ನೀರಿನಿಂದ ನೇರ ಮೇಲಕ್ಕೆ ಹಾರುತ್ತದೆ. ಹೇಗಾದರೂ ಬದುಕುವ ಜಾತಿ ಅದು.

ಮುಳುಗು ಬಾತಿನ ಮೈ ಬೇರೆ ಥರ. ಕಾಲುಗಳು ದೇಹದ ಹಿಂಭಾಗಕ್ಕೆ ಸರಿದಿವೆ, ದೋಣಿಯ ಹಿಂದೆ ಮೋಟರ್ ಕಟ್ಟಿದ ಹಾಗೆ. ಪಾದ ಅಗಲ. ಹಿಂಬೆರಳಿಗೂ ಒಂದು ಚರ್ಮದ ಪದರ ಜೋತಿರುತ್ತದೆ, ವರಟೆಗೆ ಅದಿಲ್ಲ. ಮೈ ದಪ್ಪ, ರೆಕ್ಕೆ ಮೈಗೆ ಹೋಲಿಸಿದರೆ ಸಣ್ಣದು. ಮುಳುಗುವ ಮೊದಲು ಪುಕ್ಕಗಳನ್ನು ಮೈಗೆ ಒತ್ತಿಕೊಂಡು ಒಳಗಿನ ಗಾಳಿಯನ್ನು ಹೊರಹಾಕುತ್ತದೆ. ನಾನು ನೋಡಿದ ಆ "ಬಿಗಿ" ಅದೇ. ಗಾಳಿ ಉಳಿದರೆ ಖಾಲಿ ಬಾಟಲಿಯಂತೆ ಮೇಲಕ್ಕೆ ತಳ್ಳುತ್ತದಲ್ಲ! ನೀರೊಳಗೆ ರೆಕ್ಕೆ ಮುಚ್ಚಿರುತ್ತದೆ, ಈಜೆಲ್ಲ ಕಾಲಿನದ್ದೇ.

ಇದಕ್ಕೆ ಕೊಡಬೇಕಾದ ಬೆಲೆಯೂ ಇದೆ. ನೆಲದ ಮೇಲೆ ನಡೆಯುವುದು ಬಲು ಕಷ್ಟ, ಓಲಾಡಿಕೊಂಡು ನಾಲ್ಕು ಹೆಜ್ಜೆ. ಹಾರಬೇಕಾದರೆ ನೀರಿನ ಮೇಲೆ ದಡದಡ ಓಡಿ ವೇಗ ತಗೋಬೇಕು. ಅಂದರೆ ವರಟೆಗೆ ಕೆರೆ ಕೈಕೊಟ್ಟರೆ ಹೊಲ ಇದೆ, ಇದಕ್ಕೆ ಕೆರೆ ಬಿಟ್ಟರೆ ಗತಿ ಇಲ್ಲ. ಕೆರೆ ಇದ್ದರೂ ಸಾಲದು, ಅದರ ತಳ ಸರಿಯಾಗಿರಬೇಕು.

ಸರಿಯಾದ ತಳ ಅಂದರೆ ಯಾವುದು? ಕಾಕಾ ಹಿಡಿದಿದ್ದ ಬಿದಿರಿನ ಗಳವನ್ನೇ ಇಲ್ಲಿ ಎರವಲು ಪಡೆಯುತ್ತೇನೆ. ಬಾತು ಒಂದು ಸಲ ಇಪ್ಪತ್ತು ಸೆಕೆಂಡ್ ಉಸಿರು ಹಿಡಿಯುತ್ತದೆ ಅಂತ ಲೆಕ್ಕಕ್ಕೆ ಇಟ್ಟುಕೊಳ್ಳೋಣ. ನೀರು ಒಂದಾಳು ಇದ್ದರೆ ಇಳಿಯಲು ಮೂರು, ಏರಲು ಮೂರು ಸೆಕೆಂಡ್ ಹೋಗಬಹುದು. ತಿನ್ನಲು ಹದಿನಾಲ್ಕು ಸೆಕೆಂಡ್ ಉಳಿಯಿತು. ಅದೇ ನೀರು ಮೂರು ನಾಲ್ಕಾಳು ಆಳವಾದರೆ ಉಸಿರೆಲ್ಲ ಓಡಾಟಕ್ಕೇ ಖರ್ಚು. ಸೇಡಂನಿಂದ ಕಲಬುರಗಿಗೆ ದಿನಗೂಲಿಗೆ ಬಂದು, ಕೂಲಿಯೆಲ್ಲ ಬಸ್ ಚಾರ್ಜಿಗೆ ಕೊಟ್ಟ ಹಾಗೆ. ಪೋಚಾರ್ಡ್ ಅನ್ನುವ ಈ ಗುಂಪಿನ ಬಾತುಗಳು ಸಾಮಾನ್ಯವಾಗಿ ಒಂದರಿಂದ ಮೂರು ಮೀಟರ್ ಆಳದಲ್ಲೇ ಮೇಯುವುದು ಇದಕ್ಕೇ.

ಆಳ ಒಂದಾಯಿತು, ಇನ್ನೊಂದು ಬೆಳಕು. ಬಿಸಿಲು ತಳ ಮುಟ್ಟಿದರೆ ನೀರೊಳಗೆ ಜಲಸಸ್ಯ ಬೆಳೆಯುತ್ತದೆ. ಅದರ ಎಲೆ, ಗಡ್ಡೆ, ಬೀಜ ಬಾತಿನ ಊಟ. ಆ ಸಸ್ಯದ ಮರೆಯಲ್ಲಿ ಬಸವನಹುಳ ಇರುತ್ತದೆ, ರಾಡಿಯಲ್ಲಿ ಕೆಂಪು ದಾರದಂಥ ಹುಳ ಇರುತ್ತದೆ. ಮೊಟ್ಟೆ ಇಡುವ ಹೆಣ್ಣಿಗೆ, ಬೆಳೆಯುವ ಮರಿಗೆ ಬೇಕಾದದ್ದು ಈ ಹುಳಹುಪ್ಪಟೆಯೇ. ನೀರು ರಾಡಿಯಾಗಿ ಬೆಳಕು ನಿಂತರೆ ಸಸ್ಯ ಸಾಯುತ್ತದೆ, ಸಸ್ಯ ಸತ್ತರೆ ತಳದ ಮಣ್ಣು ಹಿಡಿದಿಡುವ ಬೇರು ಹೋಗುತ್ತದೆ, ಸಣ್ಣ ಗಾಳಿಗೂ ಮಣ್ಣೆದ್ದು ನೀರು ಇನ್ನಷ್ಟು ರಾಡಿ. ಒಮ್ಮೆ ಈ ಗಾಣಕ್ಕೆ ಸಿಕ್ಕ ಕೆರೆ ತಾನಾಗಿ ಹೊರಬರುವುದು ಕಷ್ಟ. ಮೇಲಿನಿಂದ ನೋಡಿದವರಿಗೆ ಕೆರೆ ತುಂಬಿದೆ. ಬಾತಿನ ಮಟ್ಟಿಗೆ ಅದು ಬರ ಬಿದ್ದ ಹೊಲ.

ಈಗ ಮಡಗಾಸ್ಕರ್‌ಗೆ ಹೋಗೋಣ. ಆಫ್ರಿಕಾದ ಪೂರ್ವಕ್ಕೆ, ಹಿಂದೂ ಮಹಾಸಾಗರದಲ್ಲಿರುವ ದೊಡ್ಡ ದ್ವೀಪ. ಅಲ್ಲಿನ ಅತಿ ದೊಡ್ಡ ಕೆರೆಯ ಹೆಸರು ಅಲಾವೋತ್ರಾ. ಒಂದು ಕಾಲದಲ್ಲಿ ಸುತ್ತಲೂ ಆಪು, ಜೊಂಡು, ನಡುವೆ ತಿಳಿನೀರು. ಮಡಗಾಸ್ಕರ್ ಪೋಚಾರ್ಡ್ ಎನ್ನುವ ಬಾತು ಆ ದ್ವೀಪದಲ್ಲಿ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಗಂಡಿನ ಮೈ ಗಾಢ ಕಂದು, ಅದರಲ್ಲಿ ಕಣ್ಣು ಮಾತ್ರ ಬೆಳ್ಳಗೆ ಹೊಳೆಯುತ್ತದೆ. ಅಲ್ಲಿನವರು ಅದನ್ನು 'ಫೋತ್ಸಿಮಾಸು' ಅನ್ನುತ್ತಾರೆ, ಬಿಳಿಗಣ್ಣು ಅಂತ ಅರ್ಥ. ಹೆಣ್ಣಿನ ಕಣ್ಣು ಕಂದು. ಇದರ ಹತ್ತಿರದ ನೆಂಟ ಫೆರುಜಿನಸ್ ಬಾತು, ಅದರ ಗಂಡಿಗೂ ಬಿಳಿಗಣ್ಣೇ. ಚಳಿಗಾಲದಲ್ಲಿ ಅಪರೂಪಕ್ಕೆ ದಖ್ಖನಿನ ಕೆರೆಗಳಿಗೆ ಬರುತ್ತದೆ. ಹಾಗಾಗಿ ಆ ದೂರದ ಬಾತು ಹೇಗಿರುತ್ತದೆ ಅಂತ ನಾವು ಇಲ್ಲೇ ಅಂದಾಜು ಮಾಡಬಹುದು.

1930ರ ಹೊತ್ತಿಗೆ ಅಲಾವೋತ್ರಾದಲ್ಲಿ ಈ ಬಾತು ಸಾಕಷ್ಟು ಇತ್ತು. ಆಮೇಲೆ ಕೆರೆ ಬದಲಾಯಿತು. ಸುತ್ತಲಿನ ಬಯಲು ಮಡಗಾಸ್ಕರಿನ ಅಕ್ಕಿಯ ಕಣಜ, ಆಪು ಬೆಳೆದಿದ್ದ ಅಂಚುಗಳೆಲ್ಲ ಭತ್ತದ ಗದ್ದೆಯಾದವು. ಗುಡ್ಡದ ಕಾಡು ಕಡಿದಲ್ಲಿ ಮಣ್ಣು ಕುಸಿದು ದೊಡ್ಡ ದೊಡ್ಡ ಕೊರಕಲು ಬಿದ್ದವು. ಅಲ್ಲಿನ ಭಾಷೆಯಲ್ಲಿ ಅದಕ್ಕೆ 'ಲವಾಕಾ' ಎಂಬ ಹೆಸರೇ ಇದೆ. ಆ ಕೆಂಪು ಮಣ್ಣೆಲ್ಲ ಮಳೆಯ ಜೊತೆ ಕೆರೆಗೆ ಇಳಿಯಿತು. ಮೇಲಿಂದ ಹೊರಗಿನ ಮೀನುಗಳನ್ನು ತಂದು ಬಿಟ್ಟರು. ತಳ ಕೆದಕುವ ಸಾಮಾನ್ಯ ಗೆಂಡೆ ಬಂತು, ನಾವು ಜಿಲೇಬಿ ಮೀನು ಅನ್ನುವ ತಿಲಾಪಿಯಾ ಬಂತು, ಬಾಸ್ ಬಂತು, ನಮ್ಮಲ್ಲಿ ಮುರ್ರೆಲ್ ಅಂತ ಮಾರುತ್ತಾರಲ್ಲ, ಆ ಬಗೆಯ ಮಾಂಸಾಹಾರಿ ಮೀನೂ ಬಂತು. ಅದಕ್ಕೆ ನೈಲಾನ್ ಬಲೆ, ಬೇಟೆ ಬೇರೆ.

ಇವುಗಳಲ್ಲಿ ಯಾವುದೋ ಒಂದನ್ನು ಅಪರಾಧಿ ಅನ್ನುವ ಹಾಗಿಲ್ಲ. ಆದರೆ ನನಗೆ ಎಲ್ಲಕ್ಕಿಂತ ಜಾಸ್ತಿ ಕಾಡುವುದು ಗೆಂಡೆ ಮೀನಿನ ಕೆಲಸ. ಅದಕ್ಕೆ ಬಾತಿನ ಮೇಲೆ ಏನೂ ದ್ವೇಷವಿಲ್ಲ ಪಾಪ. ಹಂದಿ ಹೊಲ ಉತ್ತ ಹಾಗೆ ತಳದ ರಾಡಿಯನ್ನು ಮೂತಿಯಿಂದ ಕೆದಕಿ ಹುಳ ತಿನ್ನುತ್ತದೆ. ಹಾಗೆ ಮಾಡುವಾಗ ಮೂರು ಕೆಲಸ ಒಟ್ಟಿಗೆ ಆಗುತ್ತವೆ. ಬಾತಿನ ಪಾಲಿನ ಹುಳ ಹೋಯಿತು, ಸಸ್ಯದ ಬೇರು ಕಿತ್ತಿತು, ಎದ್ದ ಮಣ್ಣು ಬೆಳಕು ತಡೆಯಿತು. ಬಂದೂಕು ಹಿಡಿದವನಾದರೆ ಕಾಣುತ್ತಾನೆ, ತಡೆಯಬಹುದು. ಇದು ಕಾಣುವುದೇ ಇಲ್ಲ.

1960ರಲ್ಲಿ ಸುಮಾರು 20 ಬಾತುಗಳು ಕಂಡವು. ಆಮೇಲೆ ದಶಕಗಟ್ಟಲೆ ಹೆಚ್ಚು ಸುದ್ದಿಯಿಲ್ಲ. 1991ರಲ್ಲಿ ಅಲಾವೋತ್ರಾದಲ್ಲಿ ಒಂದೇ ಒಂದು ಗಂಡು ಜೀವಂತ ಸಿಕ್ಕಿತು. ರಾಜಧಾನಿ ಅಂತಾನಾನಾರಿವೋದ ಉದ್ಯಾನದಲ್ಲಿ ಇಟ್ಟರು, ಸುಮಾರು ಒಂದು ವರ್ಷ ಬದುಕಿ ಸತ್ತಿತು. ಜೊತೆ ಸಿಗಲಿಲ್ಲ. ಇನ್ನು ಈ ಜಾತಿ ಮುಗಿಯಿತು ಅಂತಲೇ ಹೆಚ್ಚಿನವರು ಅಂದುಕೊಂಡರು.

ಅದೇ ಕೆರೆಯಲ್ಲಿ ಇನ್ನೊಂದು ಮುಳುಗುವ ಹಕ್ಕಿ ಇತ್ತು, ಅಲಾವೋತ್ರಾ ಗ್ರೀಬ್. ನಮ್ಮ ಹಳ್ಳಿ ಕೆರೆಗಳಲ್ಲಿ ಗುಳುಕ್ಕನೆ ಮುಳುಗುವ ಗುಳುಮುಳುಕ ಇದೆಯಲ್ಲ, ಅದರ ದಾಯಾದಿ. ಅಲಾವೋತ್ರಾ ಗ್ರೀಬ್ ಅಳಿದುಹೋಗಿದೆ ಅಂತ 2010ರಲ್ಲಿ ಘೋಷಿಸಿದರು. ಬಲೆ, ಪರದೇಶಿ ಮೀನುಗಳ ಜೊತೆಗೆ ಇನ್ನೊಂದು ಕಾರಣವೂ ಇತ್ತು. ಅಲ್ಲಿಗೆ ಗುಳುಮುಳುಕ ಬಂದು ಸೇರಿಕೊಂಡು, ಎರಡೂ ಕೂಡಿ ಮರಿ ಮಾಡಿ, ಅಲ್ಲಿನ ಶುದ್ಧ ತಳಿ ಕರಗಿಹೋಯಿತು.

ಬಾತಿನ ಕಥೆ ಮಾತ್ರ ಬೇರೆ ತಿರುವು ತೆಗೆದುಕೊಂಡಿತು. ನವೆಂಬರ್ 2006. ಪೆರೆಗ್ರಿನ್ ಫಂಡ್ ಎಂಬ ಸಂಸ್ಥೆಯ ವಿಜ್ಞಾನಿ ಲಿಲಿ-ಅರಿಸನ್ ರೆನೆ ದ ರೋಲಾಂಡ್ ಮತ್ತು ಅವರ ಸಂಗಡಿಗರು ದ್ವೀಪದ ಉತ್ತರದಲ್ಲಿ ಹ್ಯಾರಿಯರ್ ಎಂಬ ಬೇಟೆಹಕ್ಕಿಯ ಸಮೀಕ್ಷೆಗೆ ಹೋಗಿದ್ದರು. ಬಾತು ಹುಡುಕಲು ಹೋದವರಲ್ಲ. ಮತ್ಸಾಬೋರಿಮೇನಾ ಎಂಬ ಸಣ್ಣ ಕೆರೆಯಲ್ಲಿ ಬಿಳಿಗಣ್ಣಿನ ಬಾತುಗಳು ಕಂಡವು. ಎಣಿಸಿದರೆ ದೊಡ್ಡವು 9, ಮರಿ 4. ಇಡೀ ಜಗತ್ತಿನಲ್ಲಿ ಉಳಿದ ಜಾತಿ ಅಷ್ಟೂ ಅಲ್ಲೇ ಆಸುಪಾಸಿನಲ್ಲಿತ್ತು.

ಇಲ್ಲಿಗೆ ಕಥೆ ಸುಖಾಂತ ಅಂದುಕೊಂಡರೆ ತಪ್ಪಾಯಿತು. ನನಗೆ ಈ ಬಾತಿನ ಬಗ್ಗೆ ಆಸಕ್ತಿ ಹುಟ್ಟಿಸಿದ್ದೇ ಮುಂದಿನ ಭಾಗ.

ಮತ್ಸಾಬೋರಿಮೇನಾ ಜ್ವಾಲಾಮುಖಿ ಬಾಯಿಯಲ್ಲಿ ನೀರು ನಿಂತು ಆದ ಕೆರೆ. ಸುತ್ತ ಕಾಡು ಇದೆ. ಭತ್ತದ ಗದ್ದೆಗೆ ಜಾಗವಿಲ್ಲ. ಜನರ ಕಾಟ ಕಡಿಮೆ. ಇನ್ನೇನು ಬೇಕು ಅಲ್ವಾ? ಆದರೆ ವರ್ಷ ಕಳೆದರೂ ಸಂಖ್ಯೆ ಇಪ್ಪತ್ತೈದರ ಸುತ್ತಲೇ ನಿಂತಿತ್ತು. ಹೆಣ್ಣುಗಳು ಮೊಟ್ಟೆ ಇಡುತ್ತಿದ್ದವು, ಮೊಟ್ಟೆ ಒಡೆದು ಮರಿಯೂ ಆಗುತ್ತಿದ್ದವು. ಎರಡು ಮೂರು ವಾರ ತುಂಬುವಷ್ಟರಲ್ಲಿ ಮರಿಗಳು ಕಾಣೆ. ವಿಜ್ಞಾನಿಗಳು ಕೂತು ಲೆಕ್ಕ ಹಾಕಿ 2015ರಲ್ಲಿ ಪ್ರಕಟಿಸಿದ ಅಂಕಿ ಇದು: ನೂರಕ್ಕೆ 96 ಮರಿ ಆ ವಯಸ್ಸಿನಲ್ಲೇ ಸಾಯುತ್ತಿದ್ದವು. ಹದ್ದು ತಿಂದದ್ದಲ್ಲ, ರೋಗವೂ ಅಲ್ಲ. ಹಸಿವು.

ಕಾರಣ ಕಾಕಾನ ಬಿದಿರಿನ ಗಳದ ಲೆಕ್ಕವೇ. ಜ್ವಾಲಾಮುಖಿ ಬಾಯಿ ಅಂದರೆ ಬಾವಿಯಿದ್ದ ಹಾಗೆ, ದಡ ಕಡಿದಾಗಿ ಇಳಿದು ತಕ್ಷಣ ಆಳ. ಮೊಣಕಾಲು, ಸೊಂಟ, ಎದೆ ಅಂತ ನಿಧಾನವಾಗಿ ಇಳಿಯುವ ಅಂಚಿಲ್ಲ. ದೊಡ್ಡ ಬಾತುಗಳು ಅಂಚಿನ ಸಣ್ಣ ಜಾಗದಲ್ಲಿ ಹೇಗೋ ಹೊಟ್ಟೆ ಹೊರೆಯುತ್ತವೆ. ಮರಿಯ ಮೈತುಂಬ ತುಪ್ಪಳ, ತುಪ್ಪಳದ ತುಂಬ ಗಾಳಿ, ಕಾಲಿನಲ್ಲಿ ಬಲವಿಲ್ಲ, ಉಸಿರು ಗಿಡ್ಡ. ಅಷ್ಟು ಆಳಕ್ಕೆ ಅದು ಇಳಿಯುವುದು ಹೇಗೆ? ಕಾಲ ಕೆಳಗೆ ಊಟ ಇದ್ದರೂ ಕೈಗೆಟುಕುವುದಿಲ್ಲ.

ಅಂದರೆ ಆ ಬಾತು ಅಲ್ಲಿ ಉಳಿದದ್ದು ಕೆರೆ ಚೆನ್ನಾಗಿತ್ತು ಅಂತ ಅಲ್ಲ. ಮನುಷ್ಯನಿಗೆ ಬೇಡವಾದ ಕೆರೆ ಅಂತ. ಮನುಷ್ಯನಿಗೂ ಬಾತಿಗೂ ಇಷ್ಟವಾಗುವುದು ಒಂದೇ ಬಗೆಯ ಕೆರೆ: ಅಗಲ, ತೆಳು, ಸಾರವುಳ್ಳ ಮಣ್ಣು, ಅಂಚಿಗೆ ಹುಲ್ಲು. ಅಂಥವನ್ನೆಲ್ಲ ನಾವು ಹಿಡಿದುಕೊಂಡ ಮೇಲೆ ಅದಕ್ಕೆ ಉಳಿದದ್ದು ಬಾವಿ. ಕೊನೆಗೆ ಪ್ರಾಣಿ ಎಲ್ಲಿ ಕಾಣುತ್ತದೋ ಅದೇ ಅದಕ್ಕೆ ಇಷ್ಟದ ಜಾಗ ಅಂತ ನಂಬಿ ಅಲ್ಲಿಗೊಂದು ಬೇಲಿ ಹಾಕಿ ಕೂತರೆ ಏನಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ.

ಅದೃಷ್ಟಕ್ಕೆ ಅಲ್ಲಿದ್ದವರು ಬೇಲಿ ಹಾಕಿ ಕೂರಲಿಲ್ಲ. 2009ರಲ್ಲಿ ನೋಡಿದರೆ ಹೆಣ್ಣುಗಳು ಬೆರಳೆಣಿಕೆಯಷ್ಟು ಮಾತ್ರ. ಒಂದು ಜಡಿಮಳೆ, ಒಂದು ರೋಗ ಸಾಕು ಜಾತಿ ಮುಗಿಯಲು. ವನ್ಯಜೀವಿ ಉಳಿಸುವ ಡ್ಯುರೆಲ್ ಸಂಸ್ಥೆ, ಬ್ರಿಟನ್ನಿನ ವೈಲ್ಡ್‌ಫೌಲ್ ಆ್ಯಂಡ್ ವೆಟ್‌ಲ್ಯಾಂಡ್ಸ್ ಟ್ರಸ್ಟ್, ಪೆರೆಗ್ರಿನ್ ಫಂಡ್ ಮತ್ತು ಮಡಗಾಸ್ಕರ್ ಸರಕಾರ ಸೇರಿ ಮೂರು ಗೂಡುಗಳ ಮೊಟ್ಟೆ ಎತ್ತಿ ತಂದರು. ಬೇಗ ಮೊಟ್ಟೆ ಎತ್ತಿದರೆ ಹೆಣ್ಣು ಮತ್ತೆ ಇಡುವ ಸಾಧ್ಯತೆ ಇರುತ್ತದೆ, ಕಾಡಿನಲ್ಲಿ ಉಳಿದಿದ್ದರೆ ಆ ಮರಿಗಳು ಹೇಗೂ ಸಾಯುತ್ತಿದ್ದವು. ಕೇಂದ್ರ ಇನ್ನೂ ಕಟ್ಟಿರಲಿಲ್ಲ. ಅಂತ್ಸೋಹಿಹಿ ಎಂಬ ಊರಿನ ಹೋಟೆಲಿನಲ್ಲಿ ಮರಿಗಳನ್ನು ಸಾಕಿದರು. ಜಗತ್ತಿನ ಅತಿ ಅಪರೂಪದ ಬಾತು ಲಾಡ್ಜಿನಲ್ಲಿ ಬೆಳೆಯಿತು! 2012ರ ಹೊತ್ತಿಗೆ ಆ ಮರಿಗಳು ದೊಡ್ಡವಾಗಿ, ತಾವೇ ಮೊಟ್ಟೆಯಿಟ್ಟು, ಹದಿನೆಂಟು ಮರಿ ಆದವು.

ಸಾಕಿದ್ದಾಯಿತು, ಬಿಡುವುದು ಎಲ್ಲಿಗೆ? ಅಲಾವೋತ್ರಾ ಸರಿಹೋಗುವ ಸ್ಥಿತಿಯಲ್ಲಿರಲಿಲ್ಲ. ಮತ್ಸಾಬೋರಿಮೇನಾದ ಕಥೆ ಗೊತ್ತೇ ಇದೆ. ಹುಡುಕಿ ಹುಡುಕಿ ಸೋಫಿಯಾ ಎಂಬ ಕೆರೆಯನ್ನು ಆರಿಸಿದರು. ಅಲ್ಲೂ ಸುತ್ತ ಹಳ್ಳಿಗಳಿವೆ, ಭತ್ತ ಇದೆ, ಮೀನುಗಾರಿಕೆ ಇದೆ. ಆದರೆ ಆಳ, ಸಸ್ಯ, ಹುಳ ಬಾತಿಗೆ ಹೊಂದುವಂತಿತ್ತು. ಹಕ್ಕಿ ಬಿಡುವ ಮೊದಲು ವರ್ಷಗಟ್ಟಲೆ ಹಳ್ಳಿಯವರ ಜೊತೆ ಕೆಲಸ ನಡೆಯಿತು. ಇಳುವರಿ ಹೇಗೆ ಹೆಚ್ಚಿಸುವುದು, ಗೊಬ್ಬರ ಕೆರೆಗೆ ಹರಿಯದಂತೆ ಹೇಗೆ ನೋಡಿಕೊಳ್ಳುವುದು, ಬಲೆ ಎಲ್ಲಿ ಬಿಡಬೇಕು, ಎಲ್ಲಿ ಬಿಡಬಾರದು. ಜನರನ್ನು ಎಬ್ಬಿಸಿ ಹಕ್ಕಿ ತರಲಿಲ್ಲ. 2017ರಲ್ಲಿ ಕೆರೆಗೆ ರಾಮ್ಸಾರ್ ಪಟ್ಟಿಯಲ್ಲಿ, ಅಂದರೆ ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ, ಜಾಗ ಸಿಕ್ಕಿತು.

ಡಿಸೆಂಬರ್ 2018ರಲ್ಲಿ 21 ಬಾತುಗಳನ್ನು ಸೋಫಿಯಾಕ್ಕೆ ತಂದರು. ನೇರ ಬಿಟ್ಟರೆ ಹಾರಿ ದಿಕ್ಕಾಪಾಲಾದಾವು ಎಂಬ ಭಯ. ಅದಕ್ಕೆ ಸ್ಕಾಟ್ಲೆಂಡಿನಲ್ಲಿ ಸಮುದ್ರದಲ್ಲಿ ಮೀನು ಸಾಕುವ ತೇಲುವ ಪಂಜರಗಳಿವೆಯಲ್ಲ, ಅದನ್ನೇ ಮಾರ್ಪಡಿಸಿ ಕೆರೆಯ ಮೇಲೆ ತೇಲಿಬಿಟ್ಟರು. ಇನ್ನೂ ಹಾರಲು ಬಾರದ ವಯಸ್ಸಿನಲ್ಲೇ ಅದರೊಳಗೆ ಇಟ್ಟು, ಕೆರೆಯ ಗಾಳಿ, ನೀರು, ತಳ ಎಲ್ಲ ಪರಿಚಯ ಆದ ಮೇಲೆ ಬಾಗಿಲು ತೆರೆದರು. ಬಾತುಗಳು ಹೊರಗೆ ಹೋಗಿ ಮುಳುಗಿ, ಊಟ ಮಾಡಿ ವಾಪಸ್ ಬರುತ್ತಿದ್ದವು. ಮರುವರ್ಷ ಅಲ್ಲೇ ಮೊಟ್ಟೆಯಿಟ್ಟು ಮರಿ ಮಾಡಿದವು. ಈಗಲೂ ಅದು ಅತಿ ಅಪಾಯದ ಪಟ್ಟಿಯಲ್ಲೇ ಇದೆ.

ಇಷ್ಟು ದೂರದ ಕಥೆಯನ್ನು ತೊಗರಿ ನಾಡಿನಲ್ಲಿ ಕೂತು ಯಾಕೆ ಹೇಳುತ್ತಿದ್ದೇನೆ ಅಂದರೆ, ಬೋನಾಳದಲ್ಲಿ ನಾನು ಸ್ಟಾಪ್‌ವಾಚ್ ಒತ್ತಿದ ಆ ಕೆಂಪು ತಲೆಯ ಬಾತೂ ಈಗ ಆರಾಮಾಗಿಲ್ಲ. ಅದರ ಹೆಸರು ಕಾಮನ್ ಪೋಚಾರ್ಡ್. ಕಾಮನ್, ಅಂದರೆ ಸಾಮಾನ್ಯ! ಅಂಥ ಹೆಸರಿನ ಹಕ್ಕಿಯನ್ನು 2015ರಲ್ಲಿ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಘ ಐಯುಸಿಎನ್ ತನ್ನ ಕೆಂಪು ಪಟ್ಟಿಯಲ್ಲಿ 'ಅಪಾಯಕ್ಕೆ ಈಡಾಗಬಲ್ಲ' ಜಾತಿಗೆ ಸೇರಿಸಿತು. ಅದರ ಇನ್ನೊಬ್ಬ ದಾಯಾದಿ ಬೇಯರ್ಸ್ ಪೋಚಾರ್ಡ್ ಪೂರ್ವ ಏಷ್ಯಾದ ಹಕ್ಕಿ, ಭಾರತದ ಈಶಾನ್ಯಕ್ಕೂ ಬರುತ್ತಿತ್ತು. 2012ರಿಂದ ಅದು ಅತಿ ಅಪಾಯದ ಪಟ್ಟಿಯಲ್ಲಿದೆ. ಭಾರತದಲ್ಲೂ ಇದ್ದ ಗುಲಾಬಿ ತಲೆಯ ಬಾತು 1949ರಿಂದ ಈಚೆಗೆ ಖಚಿತವಾಗಿ ಯಾರಿಗೂ ಕಂಡಿಲ್ಲ. ಅದೂ ಪೋಚಾರ್ಡ್‌ಗಳ ಸಂಬಂಧಿಯೇ.

ನಮ್ಮ ಕಡೆ ಬರುವ ಪೋಚಾರ್ಡ್‌ಗಳು ಮಧ್ಯ ಏಷ್ಯಾ, ಸೈಬೀರಿಯಾ ಕಡೆಯವು. ಜೋಳ ತೆನೆ ಹೊಡೆಯುವ ಹೊತ್ತಿಗೆ ಬಂದು, ಬಿಸಿಲು ಚುರುಗುಟ್ಟುವ ಮುಂಚೆ ಹೊರಡುತ್ತವೆ. ಗೂಡು ಕಟ್ಟುವ ನಾಡಿನಲ್ಲಿ ಜೌಗು ಬತ್ತುತ್ತಿದೆ. ಗೂಡಿನ ಮೇಲೆ ಕೂತ ಹೆಣ್ಣನ್ನು ಮಿಂಕ್‌ನಂಥ ಬೇಟೆ ಪ್ರಾಣಿಗಳು ಹಿಡಿಯುತ್ತವೆ. ಕಾವಿಗೆ ಕೂರುವುದು ಹೆಣ್ಣು ಮಾತ್ರ, ಗಂಡು ಆ ಹೊತ್ತಿಗೆ ಬೇರೆಡೆ ಹೋಗಿರುತ್ತದೆ. ಹಾಗಾಗಿ ಹೆಣ್ಣಿನ ಸಾವು ಜಾಸ್ತಿ, ಗುಂಪಿನಲ್ಲಿ ಗಂಡುಗಳದ್ದೇ ಗದ್ದಲ. ಕೆರೆಯಲ್ಲಿ ನೂರು ಬಾತು ಕಂಡರೆ ಐವತ್ತು ಜೋಡಿ ಅಂತ ಲೆಕ್ಕ ಹಾಕಬೇಡಿ. ಚಳಿಗಾಲದಲ್ಲಿ ಹೆಣ್ಣುಗಳು ಗಂಡುಗಳಿಗಿಂತ ದಕ್ಷಿಣಕ್ಕೆ ಹೆಚ್ಚು ದೂರ ಬರುತ್ತವೆ ಅನ್ನುವುದೂ ಗೊತ್ತಾಗಿದೆ. ಅಂದರೆ ದಕ್ಷಿಣದ ಕೆರೆಗಳ ಊಟ, ಜಾತಿ ಉಳಿಸುವ ಹೆಣ್ಣುಗಳ ಊಟ. ಇಲ್ಲಿ ಚೆನ್ನಾಗಿ ಮೇದು ಮೈಗೂಡಿಸಿಕೊಂಡರೆ ತಾನೇ ಸಾವಿರಾರು ಕಿಲೋಮೀಟರ್ ಹಾರಿ ಹೋಗಿ ಮೊಟ್ಟೆ ಇಡುವುದು?

ಬೋನಾಳ ಸುರಪುರ ತಾಲೂಕಿನ ಕೆರೆ. ಸುರಪುರದ ನಾಯಕರ ಕಾಲದ್ದು. ಟೇಲರ್ ಸಾಹೇಬ ಅಂತ ನಮ್ಮವರು ಈಗಲೂ ನೆನೆಯುವ ಫಿಲಿಪ್ ಮೆಡೋಸ್ ಟೇಲರ್ ಸುರಪುರದಲ್ಲಿ ಆಡಳಿತ ನೋಡುತ್ತಿದ್ದಾಗ ಈ ಕೆರೆಯ ಕೆಲಸಕ್ಕೂ ಕೈ ಹಾಕಿದ್ದರು. ಅವರೆಲ್ಲ ಬಾತಿಗಾಗಿ ಕೆರೆ ಕಟ್ಟಿದವರಲ್ಲ, ನೀರಾವರಿಗೆ ಕಟ್ಟಿದ್ದು. ಆದರೆ ಹಳೆಯ ಕೆರೆಗಳ ರೀತಿಯೇ ಬಾತಿಗೆ ಅನುಕೂಲ. ಒಂದು ಕಡೆ ಏರಿ, ಅದರ ಬುಡದಲ್ಲಿ ಆಳ. ಉಳಿದ ಮೂರು ಕಡೆ ಬಯಲು ಹಾಗೇ ಮೆಲ್ಲಗೆ ನೀರಿಗಿಳಿಯುತ್ತದೆ. ತೂಬಿನಿಂದ ಗದ್ದೆಗೆ ನೀರು ಬಿಟ್ಟಂತೆ ಅಂಚು ಹಿಂದೆ ಸರಿಯುತ್ತದೆ, ನಿನ್ನೆ ಎದೆಮಟ್ಟ ಇದ್ದಲ್ಲಿ ಇಂದು ಸೊಂಟಮಟ್ಟ. ಚಳಿಗಾಲವಿಡೀ ಬಾತಿಗೆ ಬೇಕಾದ ಆಳ ಕೆರೆಯ ಯಾವುದಾದರೂ ಒಂದು ಕಡೆ ಇದ್ದೇ ಇರುತ್ತದೆ. ಬೀದರಿನ ಕಾರಂಜಾ ಜಲಾಶಯದ ಹಿನ್ನೀರಿನ ತೆಳು ಅಂಚುಗಳಲ್ಲೂ ಇದೇ ನಡೆಯುತ್ತದೆ.

ಈಗ ನೋಡಿ, ಹೂಳೆತ್ತುವ ಕೆಲಸ. ಹೂಳು ತೆಗೆಯಬೇಕು, ಅದರಲ್ಲಿ ಎರಡು ಮಾತಿಲ್ಲ. ನಮ್ಮದು ಎರೆ ಭೂಮಿ, ಮೊದಲ ಮಳೆಗೇ ಹೊಲದ ಮಣ್ಣು ಹಳ್ಳ ಹಿಡಿದು ಕೆರೆಗೆ ಬರುತ್ತದೆ. ತೊಗರಿ ಸಾಲಿನ ನಡುವಿನ ಬರಿ ನೆಲ ಆ ಮಳೆಯನ್ನು ತಡೆಯುವುದಿಲ್ಲ. ನಮಗೂ ಒಂದು ಥರದ ಲವಾಕಾ ಇದೆ, ಹೆಸರಿಟ್ಟಿಲ್ಲ ಅಷ್ಟೇ. ಆದರೆ ನನ್ನೂರಿನ ಹತ್ತಿರದ ಒಂದು ಕೆರೆಯಲ್ಲಿ ಹೂಳೆತ್ತಿದ್ದು ಹೇಗಿತ್ತು ಗೊತ್ತಾ? ಜೆಸಿಬಿ ನಾಲ್ಕೂ ಕಡೆಯಿಂದ ಕೊರೆದುಕೊಂಡು ಬಂತು. ಅಂಚು ಗೋಡೆಯಂತೆ ನೇರ ನಿಂತಿತು. ಅದರ ಮೇಲೆ ಕಲ್ಲು ಹಾಸಿ, ವಾಕಿಂಗ್ ದಾರಿ ಮಾಡಿ, ನಾಲ್ಕು ಬೆಂಚು ಹಾಕಿದರು. ಮಳೆಗಾಲದಲ್ಲಿ ತುಂಬಿದ್ದನ್ನು ನೋಡಿ ನಾನೂ ಖುಷಿಪಟ್ಟೆ, ಫೋಟೋ ಹಾಕಿದೆ. ಆ ಚಳಿಗಾಲ ಅಲ್ಲಿ ನೀರುಕಾಗೆ ಬಿಟ್ಟು ಏನೂ ಬರಲಿಲ್ಲ. ನೀರುಕಾಗೆಗೆ ಮೀನು ಬೇಕು, ತಳ ಬೇಡ. ಹಿಂದಿನ ವರ್ಷ ನಾಮದ ಕೋಳಿಗಳ ದಂಡಿನ ನಡುವೆ ಒಂದಷ್ಟು ಪೋಚಾರ್ಡ್ ಇದ್ದ ಕೆರೆ ಅದು. ನಾವು ಅದನ್ನು ಮತ್ಸಾಬೋರಿಮೇನಾ ಮಾಡಿಟ್ಟಿದ್ದೆವು.

ಇದಕ್ಕೆ ದೊಡ್ಡ ಖರ್ಚಿನ ಪರಿಹಾರವೇನೂ ಬೇಡ. ಏರಿಯ ಕಡೆ ಬೇಕಾದಷ್ಟು ಆಳ ಮಾಡಲಿ, ಎದುರು ಕಡೆಯ ಇಳಿಜಾರನ್ನು ಮುಟ್ಟದೆ ಬಿಡಲಿ. ಅಂಚಿನ ಆಪು, ಜೊಂಡು ಅಷ್ಟನ್ನೂ ಕಿತ್ತು 'ಸ್ವಚ್ಛ' ಮಾಡದಿರಲಿ. ಮೀನು ಮರಿ ಬಿಡುವಾಗ ತಳ ಕೆದಕುವ ಗೆಂಡೆ ಎಷ್ಟು, ಕಾಟ್ಲಾದಂಥ ಮೇಲ್ನೀರಿನ ಮೀನು ಎಷ್ಟು ಅನ್ನುವ ಲೆಕ್ಕ ಇರಲಿ. ಬಲೆಯದ್ದೂ ಅಷ್ಟೇ. ನೀರೊಳಗೆ ನೈಲಾನ್ ಬಲೆ ಕಾಣುವುದಿಲ್ಲ, ಮುಳುಗಿದ ಹಕ್ಕಿ ಸಿಕ್ಕಿಕೊಂಡರೆ ಉಸಿರುಕಟ್ಟಿ ಸಾಯುತ್ತದೆ. ಬಾತು ಜಾಸ್ತಿ ಮೇಯುವ ಮೂಲೆಯನ್ನು ಆ ಮೂರು ನಾಲ್ಕು ತಿಂಗಳು ಬಿಟ್ಟು ಬಲೆ ಹಾಕಿದರೆ ಮೀನುಗಾರರಿಗೂ ಬಲೆ ಹರಿಯುವ ಕಿರಿಕಿರಿ ಇಲ್ಲ. ಬೇಟೆ ಮಾತಂತೂ ಎತ್ತುವ ಹಾಗೇ ಇಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ.

ಕಾಕಾನಿಗೆ ಮಡಗಾಸ್ಕರಿನ ಮರಿಗಳ ಕಥೆ ಹೇಳಿದೆ. ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಾಯಾಗ ಬಾತು ಬಿಟ್ರ ಮತ್ತೇನಾಗ್ತದ್ರೀ" ಅಂದರು. ಬಾಯಿ ಅಂದರೆ ನಮ್ಮ ಕಡೆ ಬಾವಿ. ಆಮೇಲೆ ಟ್ಯೂಬ್ ನೀರಿಗೆ ಹಾಕಿ, ಅದರ ಮೇಲೆ ಹಲಗೆ ಇಟ್ಟು ಕೂತು, ಗಳದಿಂದ ತಳ ಒತ್ತುತ್ತಾ ಹೊರಟರು. ಗಳ ಎಲ್ಲಿ ಎಷ್ಟು ಮುಳುಗುತ್ತದೆ ಅಂತ ನಾನು ಏರಿಯಿಂದಲೇ ನೋಡುತ್ತಿದ್ದೆ. ಬಾತುಗಳು ಗುಂಪಾಗಿದ್ದ ಕಡೆ ಅದು ಅರ್ಧಕ್ಕಿಂತ ಸ್ವಲ್ಪ ಕೆಳಗೇ ನಿಂತಿತು.

ಎಣಿಕೆ ಮುಗಿಸಬೇಕಿತ್ತು. ಮೊದಲ ಸಲ ಎಣಿಸಿದಾಗ 41. ಎರಡನೇ ಸಲ 37. ಮೂರನೇ ಸಲ 44. ಮುಳುಗು ಬಾತು ಎಣಿಸುವಾಗ ಹೀಗೇ ಆಗುತ್ತದೆ. ಅದಕ್ಕೆ ಮೂರ್ನಾಲ್ಕು ಸಲ ಎಣಿಸಿ, ಹೆಚ್ಚು ಬಂದದ್ದನ್ನು ಬರೆದುಕೊಳ್ಳಬೇಕು. ಕಾಕಾ ವಾಪಸ್ ದಡಕ್ಕೆ ಬರುವಾಗ ಕೂಗಿ ಕೇಳಿದರು, "ಎಷ್ಟಾದ್ವು?"

"ನಲವತ್ನಾಕು."

"ಹೌದಾ? ಉಳಿದವು ಊಟಕ್ಕ ಹೋಗ್ಯಾವ್ರೀ. ಬರ್ತಾವ, ತಡೀರಿ."